ಯಾವ ಸಿಟಿನಪ್ಪ ಇದು?

22 ವರ್ಷದಿಂದ ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಪದದ ಅರ್ಥ ಕೇಳಿದರೆ ತಡವರಿಸುವವನಲ್ಲ. ಆದರೆ ಹೋದ ಸಂಕ್ರಾಂತಿ ಮುಗಿಸಿಕೊಂಡು ಊರಿಗೆ ಹೋದಾಗ, ಚಿಕ್ಕಪ್ಪ ಜಗುಲಿ ಮೇಲೆ ಕೂರಿಸಿಕೊಂಡು ಕೇಳಿದ ಒಂದು ಪದಕ್ಕೆ ನನ್ನ ಬಾಯಿ ಕಟ್ಟಿಹೋಯಿತು. ನಮ್ಮೂರು ಬೇಲೂರು ತಾಲ್ಲೂಕು, ಹಳೇಬೀಡಿನ ಕಡೆ. ಚಿಕ್ಕಪ್ಪನ ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರೊಳಗೆ ಕೋರ್ಟಿನ ಕಾಗದ. ಕಣದ ಜಾಗದ ಕೇಸಿಗೆ ನಮ್ಮ ದಾಯಾದಿಗಳು, ಆಚೆಮನೆಯವರು, ಹಾಕಿದ ತಕರಾರು, 14 ಪುಟ, ಪೂರ್ತಿ ಇಂಗ್ಲಿಷು. ಒಂದು ಪದದ ಕೆಳಗೆ ಕೆಂಪು ಪೆನ್ನಲ್ಲಿ ಗೆರೆ ಎಳೆದಿದ್ದರು. ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದರು. 'ಅನಿ... ಮಾ... ಸಿಟಿ. ಯಾವ ಸಿಟಿನಪ್ಪ ಇದು?'

ನಗು ಬಂತು, ತಡೆದುಕೊಂಡೆ. 'ಸಿಟಿ ಅಲ್ಲ ಚಿಕ್ಕಪ್ಪ. ಅನಿಮಾಸಿಟಿ. ದ್ವೇಷ ಅಂತ' ಅಂದೆ. 'ದ್ವೇಷ? ನಂಗೂ ಅವನಿಗೂ ದ್ವೇಷ ಎಲ್ಲೈತೆ?' ಅಂದರು. ಸರಿ, ಹಗೆ ಅನ್ನಿ ಅಂದೆ. 'ಹಗೆ ಅಂದ್ರೆ ಮಚ್ಚು ಹಿಡ್ಕಂಡು ಓಡಾಡೋದು. ನಾವೇನು ಅಂಥ ಜನಾನಾ?' ವೈರ ಅಂದರೆ, ಅದು ನಾಟಕದ ಮಾತು ಅಂತ ಕೈ ಕೊಡವಿದರು. 'ಹಂಗಾದ್ರೆ ನಿಮ್ಮಿಬ್ರ ಮಧ್ಯೆ ಇರೋದಾದ್ರೂ ಏನು?' ಅಂತ ನಾನೇ ಕೇಳಬೇಕಾಯಿತು. ಬಾಯಲ್ಲಿದ್ದ ಎಲೆಅಡಿಕೆ ಅಂಗಳಕ್ಕೆ ಉಗಿದು ಬಂದು ಕೂತರು. 'ಮಾತು ಬಿಟ್ಟಿದೀವಿ. ಒಂಚೂರು ಜಿದ್ದು ಐತೆ. ಅದೂ ಇಲ್ದೆ ಮನುಷ್ಯ ಬದುಕ್ತಾನೇನ್ಲಾ?'

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಹಾಸನಕ್ಕೆ ವಾಪಸ್ ಬಂದ ಮೇಲೆ ಪದದ ಬೆನ್ನು ಹತ್ತಿದೆ. ನೋಡಿದರೆ, ಎಸ್ಸೆಸ್ಸೆಲ್ಸಿ ದಾಟದ ಚಿಕ್ಕಪ್ಪ ಹೇಳಿದ್ದೇ ನನ್ನ ಪಾಠಕ್ಕಿಂತ ಆ ಪದದ ಬೇರಿಗೆ ಹತ್ತಿರ ಇತ್ತು.

ಉಸಿರಿನಿಂದ ಶುರು

ಅನಿಮಾಸಿಟಿ ಇಂಗ್ಲಿಷಿಗೆ ಬಂದದ್ದು 15ನೇ ಶತಮಾನದಲ್ಲಿ, ಲ್ಯಾಟಿನ್ ಮತ್ತು ಫ್ರೆಂಚ್ ದಾರಿಯಲ್ಲಿ. ಬಂದಾಗ ಅದರ ಅರ್ಥ ಹಗೆ ಅಲ್ಲ. ಧೈರ್ಯ, ಹುರುಪು, ಕೆಚ್ಚು. ಒಬ್ಬನಿಗೆ ಅನಿಮಾಸಿಟಿ ಇದೆ ಅಂದರೆ ಆಗ ಅದು ಹೊಗಳಿಕೆ. 1600ರ ಆಸುಪಾಸಿಗೆ ಅದೇ ಪದ ಇನ್ನೊಬ್ಬರ ಮೇಲೆ ಕುದಿಯುವ ಸಿಟ್ಟಿಗೆ ತಿರುಗಿತು. ಈಗ ನಾವು ಪಾಠ ಮಾಡುವುದು ಅದೊಂದನ್ನೇ. ಹಳೆಯ ಅರ್ಥ ಸತ್ತು ಎಷ್ಟೋ ಕಾಲವಾಯಿತು.

ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್ನಿನ ಅನಿಮಸ್ ಸಿಗುತ್ತದೆ. ಮನಸ್ಸು, ಎದೆಗಾರಿಕೆ ಎಂಬ ಅರ್ಥ. ಅದರ ಜೊತೆಯ ಪದ ಅನಿಮ, ಅಂದರೆ ಉಸಿರು, ಜೀವ. ಉಸಿರಾಡುವುದರಿಂದಲೇ ಅನಿಮಲ್. ಚಿತ್ರಕ್ಕೆ ಜೀವ ಬಂದರೆ ಅನಿಮೇಷನ್. ಗ್ರಾಮ ಪಂಚಾಯಿತಿಯಲ್ಲಿ ಎಲ್ಲರೂ ಒಂದೇ ಮನಸ್ಸಾಗಿ ಕೈ ಎತ್ತಿದರೆ ಯುನಾನಿಮಸ್. ಗ್ರೀಕರ ಅನೆಮೋಸ್, ಅಂದರೆ ಗಾಳಿ, ಇದೇ ಮನೆಯದು. ಸಂಸ್ಕೃತದಲ್ಲೂ ಈ ಬೇರು ಇದೆ. ಅನ್ ಅಂದರೆ ಉಸಿರಾಡು. ಅದರಿಂದ ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ, ಐದೂ ಹುಟ್ಟಿದವು. ಅನಿಲವೂ ಅಲ್ಲಿಯದೇ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು ಅಂತ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಭಾಷಣ ಮಾಡಿದ್ದು 1786ರಲ್ಲಿ. ಅಂದರೆ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಕೂತಿರುವ ಅಡುಗೆ ಅನಿಲಕ್ಕೂ ಚಿಕ್ಕಪ್ಪನ ಕೇಸಿನ ಅನಿಮಾಸಿಟಿಗೂ ದೂರದ ನಂಟು. ಎರಡೂ ಹೊತ್ತಿಕೊಳ್ಳುತ್ತವೆ ಅಂತ ಜೋಕ್ ಮಾಡಬಹುದು. ಕ್ಲಾಸಲ್ಲಿ ಮಾಡಿದೆ. ಯಾರೂ ನಗಲಿಲ್ಲ.

ಉಸಿರು ಜೀವವಾಯಿತು, ಜೀವ ಮನಸ್ಸಾಯಿತು, ಮನಸ್ಸು ಕೆಚ್ಚಾಯಿತು, ಕೆಚ್ಚು ಹಗೆಯಾಯಿತು. ಎಲ್ಲೂ ದೊಡ್ಡ ಜಿಗಿತ ಇಲ್ಲ. ಪ್ರತಿ ಸಲವೂ ಅರ್ಧ ಹೆಜ್ಜೆ.

ಇದು ಇಂಗ್ಲಿಷಿನವರ ಕತೆ ಮಾತ್ರ ಅಂದುಕೊಂಡಿದ್ದೆ. ವೈರ ಎಲ್ಲಿಂದ ಬಂತು ನೋಡಿ. ವೀರದಿಂದ! ವೀರನಿಗೆ ಸೇರಿದ್ದು ವೈರ. ನಾಟಕದ ಮಾತು ಅಂತ ಚಿಕ್ಕಪ್ಪ ಕೈ ಕೊಡವಿದ ಪದದಲ್ಲೂ ಅದೇ ಗಂಟು. ಮತ್ಸರದ ಕತೆ ಇನ್ನೂ ವಿಚಿತ್ರ. ಋಗ್ವೇದದಲ್ಲಿ ಅದು ಸೋಮರಸಕ್ಕೆ ಹೇಳುವ ಮಾತು, ಅಮಲೇರಿಸುವಂಥದ್ದು, ಖುಷಿ ಕೊಡುವಂಥದ್ದು ಅಂತ. ಆಮೇಲೆ ಆ ಅಮಲು ಹೊಟ್ಟೆಕಿಚ್ಚಾಯಿತು. ಯಾಕೆ ಅಂತ ಅಣ್ಣತಮ್ಮಂದಿರ ನಡುವೆ ಪಾಲು ಆಗುವುದನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಒಂದು ಥರದ ಮತ್ತು ಇರುತ್ತದೆ.

ಎದುರು ದಿಕ್ಕಿನಲ್ಲಿ ನಡೆದ ಪದವೂ ಒಂದಿದೆ. ಸಂಸ್ಕೃತದಲ್ಲಿ ಛಲ ಅಂದರೆ ಮೋಸ, ಕಪಟ. ಕನ್ನಡಕ್ಕೆ ಬಂದದ್ದೇ ಅದು ಬಿಡದ ಹಟವಾಯಿತು, ಗೌರವದ ಪದವಾಯಿತು. 10ನೇ ಶತಮಾನದ ಪಂಪ ತನ್ನ ಭಾರತದ ಕೊನೆಯಲ್ಲಿ ಒಬ್ಬೊಬ್ಬರ ಹೆಚ್ಚುಗಾರಿಕೆ ಎಣಿಸುವಾಗ ಮೊದಲು ಹೇಳುವುದು 'ಚಲದೊಳ್ ದುರ್ಯೋಧನಂ' ಅಂತ. ದಾಯಾದಿ ಜಗಳದಲ್ಲಿ ಸೋತವನ ಹೆಸರು ಮೊದಲು! ಚಿಕ್ಕಪ್ಪನ ಜಿದ್ದು ಅರಬ್ಬಿಯಿಂದ ಬಂದದ್ದು. ಅಲ್ಲಿ ಅದರ ಅರ್ಥ ವಿರುದ್ಧ, ಎದುರು, ಅಷ್ಟೇ. ನಮ್ಮೂರಿಗೆ ಬರುವಷ್ಟರಲ್ಲಿ ಅದಕ್ಕೆ ಬೆನ್ನುಮೂಳೆ ಬಂದಿದೆ.

ಪಲ್ಮಿಡಿ, ಹಲ್ಮಿಡಿ

ಹಗೆ ಮಾತ್ರ ಅಚ್ಚಕನ್ನಡದ್ದು. ಹಳಗನ್ನಡದಲ್ಲಿ ಪಗೆ, ತಮಿಳಿನಲ್ಲಿ ಈಗಲೂ ಪಕೈ. ಹಳೆಯ ಪಕಾರ ಹಕಾರವಾಗಿದ್ದಕ್ಕೆ ಮೇಷ್ಟ್ರುಗಳು ಪಾಲು-ಹಾಲು ಉದಾಹರಣೆ ಕೊಡುತ್ತಾರೆ. ನಮ್ಮ ತಾಲ್ಲೂಕಿನವರಿಗೆ ಅದಕ್ಕಿಂತ ಹತ್ತಿರದ ಸಾಕ್ಷಿ ಇದೆ. ನಮ್ಮೂರಿಂದ ಬೈಕಲ್ಲಿ ಹೋಗಿಬರುವಷ್ಟು ದೂರದಲ್ಲಿ ಹಲ್ಮಿಡಿ. ಸುಮಾರು 450ರ ಆ ಶಾಸನದಲ್ಲಿ ಊರ ಹೆಸರು ಪಲ್ಮಿಡಿ ಅಂತಲೇ ಇದೆ. ಈಗ ಊರಲ್ಲಿರುವುದು ನಕಲು, ಮೂಲ ಕಲ್ಲು ಮೈಸೂರಿನಲ್ಲಿದೆ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು ಅಂತ ಎಲ್ಲರಿಗೂ ಗೊತ್ತು. ಅದರೊಳಗೆ ಏನಿದೆ ಅಂತ ಕೇಳಿದರೆ ನಮ್ಮ ಕಡೆಯವರೂ ತಲೆ ಕೆರೆದುಕೊಳ್ಳುತ್ತಾರೆ. ಯುದ್ಧದಲ್ಲಿ ಗೆದ್ದುಬಂದ ವಿಜಅರಸ ಎಂಬವನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರು ಕೊಟ್ಟದ್ದು ಅದರಲ್ಲಿದೆ. ಆ ಕೊಡುಗೆಯ ಹೆಸರು ಬಾಳ್ಗಳ್ಚು. ಬಾಳ್ ಅಂದರೆ ಕತ್ತಿ, ಕಳ್ಚು ಅಂದರೆ ತೊಳೆ. ಕತ್ತಿ ತೊಳೆದದ್ದಕ್ಕೆ ಕೊಟ್ಟ ಭೂಮಿ.

ಇದನ್ನು ಚಿಕ್ಕಪ್ಪನಿಗೆ ಹೇಳಿದಾಗ ಅವರು ತಕ್ಷಣ ಕೇಳಿದ್ದು, 'ಖಾತೆ ಆಯ್ತಂತಾ?'

ಹಗೇವು

ಹಗೆ ಅಂದಾಗ ನನಗೆ ಮೊದಲು ಕಾಣುವುದು ಮಚ್ಚೂ ಅಲ್ಲ, ಕತ್ತಿಯೂ ಅಲ್ಲ. ರಾಗಿ ಹಗೇವು. ನಿಘಂಟಿನಲ್ಲಿ ಎರಡೂ ಬೇರೆ ಬೇರೆ ಪದ. ಒಂದು ದ್ವೇಷ, ಇನ್ನೊಂದು ಧಾನ್ಯ ತುಂಬಿಡುವ ನೆಲಗುಂಡಿ. ಕಿವಿಗೆ ಮಾತ್ರ ಅಕ್ಕಪಕ್ಕ. ಆದರೆ ನಮ್ಮ ಮನೆಯ ಮಟ್ಟಿಗೆ ಎರಡೂ ಒಂದೇ ಜಾಗದಲ್ಲಿ ಇದ್ದವು, ಕಣದಲ್ಲಿ. ಈಗ ಕೇಸು ನಡೆಯುತ್ತಿರುವ ಆರು ಗುಂಟೆ ಅದೇ ಕಣ.

ತಾತ ಮತ್ತು ಅವರಣ್ಣ, ದೊಡ್ಡ ತಾತ, ಪಾಲಾದಾಗ ಪಾಲುಪಾರೀಖತ್ತಿನಲ್ಲಿ ಮನೆ, ಹೊಲ, ಎತ್ತು, ಕೊನೆಗೆ ಕಡಾಯಿಯೂ ಹಂಚಿಹೋಗಿತ್ತು. ಕಣ ಮಾತ್ರ ಜಂಟಿ ಅಂತ ಬಿಟ್ಟರು. ಹಗೇವು ಕಣದೊಳಗೇ ಇತ್ತು. ಗುಂಡಿಯನ್ನು ಹಂಚೋದು ಹೇಗೆ? ಅದರೊಳಗೆ ಪಾಲಿಗೆ ಮುಂಚೆ ತುಂಬಿದ ರಾಗಿ ಬೇರೆ. ಆಮೇಲೆ ಯಾವುದೋ ಬದುವಿನ ವಿಷಯಕ್ಕೆ ಅಣ್ಣತಮ್ಮಂದಿರಿಗೆ ಮಾತು ನಿಂತಿತು. ಹಗೇವಿನ ಬಾಯಿ ತೆರೆಯೋಣ ಅಂತ ಯಾರು ಮೊದಲು ಹೇಳಬೇಕು? ಯಾರೂ ಹೇಳಲಿಲ್ಲ. ವರ್ಷಗಟ್ಟಲೆ ಅದು ಹಾಗೇ ಮುಚ್ಚಿತ್ತು. ನಾವು ಹುಡುಗರು ಅದರ ಮೇಲಿನ ಚಪ್ಪಡಿ ಮೇಲೆ ಕುಣಿಯುತ್ತಿದ್ದೆವು.

ನನಗೆ ಒಂಬತ್ತೋ ಹತ್ತೋ ವರ್ಷ ಇದ್ದಾಗ ಮಳೆ ಕೈಕೊಟ್ಟಿತು. ಮನೆಯಲ್ಲಿ ರಾಗಿ ಮುಗಿಯುತ್ತಾ ಬಂತು. ಒಂದು ದಿನ ತಾತ ಯಾರಿಗೂ ಹೇಳದೆ ಗುದ್ದಲಿ ತೆಗೆದುಕೊಂಡು ಹೋಗಿ ಚಪ್ಪಡಿ ಸುತ್ತ ಮಣ್ಣು ಬಿಡಿಸಿದರು. ನಾಲ್ಕು ಜನ ಸೇರಿ ಚಪ್ಪಡಿ ಸರಿಸಿದರು. ಒಂದು ಬಿಸಿ ಬಿಸಿ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಬಾಯಿ ಚಿಕ್ಕದು, ಒಬ್ಬ ಮನುಷ್ಯ ಭುಜ ಕುಗ್ಗಿಸಿ ಇಳಿಯುವಷ್ಟು. ಒಳಗೆ ಹೋಗ್ತಾ ಹೋಗ್ತಾ ಗುಡಾಣದ ಹೊಟ್ಟೆ ಥರ ಅಗಲ. ಗೋಡೆಗೆ ಒತ್ತಿದ್ದ ರಾಗಿಹುಲ್ಲು ಕಪ್ಪಗಾಗಿತ್ತು. ಇಳಿಯಲು ತಯಾರಾದವರು ಚಿಕ್ಕಪ್ಪ. ಆಗಿನ್ನೂ ಮದುವೆಯಾಗಿರಲಿಲ್ಲ, ಮೀಸೆ ಹುರಿ ಮಾಡುತ್ತಿದ್ದ ವಯಸ್ಸು. ಸೊಂಟಕ್ಕೆ ಹಗ್ಗ ಕಟ್ಟಿದರು. ಒಂದು ಕಾಲು ಒಳಗೆ ಬಿಟ್ಟರು.

ಕಣದ ಆಚೆ ತುದಿಯಲ್ಲಿ ದೊಡ್ಡ ತಾತ ಎತ್ತಿಗೆ ಹುಲ್ಲು ಹಾಕುತ್ತಿದ್ದರು. ಬೆಳಗಿಂದ ಎಲ್ಲವನ್ನೂ ನೋಡುತ್ತಲೇ ಇದ್ದರು, ನೋಡದ ಹಾಗೆ. ತಮ್ಮನ ಜೊತೆ ಮಾತಿಲ್ಲವಲ್ಲ. ಎತ್ತಿನ ಬೆನ್ನ ಮೇಲೆ ಜೋರಾಗಿ ಒಂದೇಟು ತಟ್ಟಿ ಊರಿಗೆಲ್ಲ ಕೇಳುವ ಹಾಗೆ ಕೂಗಿದರು. 'ಏ ಬಸವ, ಕೇಳ್ದೇನ್ಲಾ? ಲಾಟೀನು ಇಳಿಸ್ದೆ ಹಗೇವಿಗೆ ಮಗನ್ನ ಇಳಿಸ್ತಾರಂತೆ ಕಣ್ಲಾ! ಹೆಣ ಎತ್ತಾಕೆ ಎಷ್ಟು ಜನ ಬೇಕು ಅಂತ ಕೇಳ್ಕಂಡು ಬಾ ಹೋಗು!'

ಎತ್ತು ಹುಲ್ಲು ಮೇಯುತ್ತಾ ನಿಂತಿತ್ತು. ತಾತನ ಮುಖ ಕೆಂಪಾಯಿತು. ಯಾರೂ ಉತ್ತರ ಕೊಡಲಿಲ್ಲ. ಎತ್ತಿಗೆ ಹೇಳಿದ ಮಾತಿಗೆ ಮನುಷ್ಯ ಉತ್ತರ ಕೊಡೋದು ಹೇಗೆ? ಆದರೆ ಅಜ್ಜಿ ಎದ್ದುಹೋಗಿ ಲಾಟೀನು ತಂದರು. ಹಗಲು ಹೊತ್ತಲ್ಲಿ ಹಚ್ಚಿದ ಲಾಟೀನನ್ನು ಹಗ್ಗಕ್ಕೆ ಕಟ್ಟಿ ಬಿಟ್ಟರು. ನಾನು ಬಾಯಿಯ ಅಂಚಿಗೆ ಮಲಗಿ ನೋಡುತ್ತಿದ್ದೆ. ಒಂದು ಮೊಳ, ಎರಡು ಮೊಳ. ಬೆಳಕಲ್ಲಿ ಹುಲ್ಲಿನ ಕಡ್ಡಿಗಳು ಕಂಡವು. ಒಂದಾಳು ಎದೆಮಟ್ಟಕ್ಕೆ ಹೋಗುತ್ತಲೇ ದೀಪ ಚಿಕ್ಕದಾಯಿತು, ನೀಲಿಯಾಯಿತು, ಇಲ್ಲವಾಯಿತು. ಯಾರೋ ಊದಿದ ಹಾಗೆ. ಚಿಕ್ಕಪ್ಪ ಮೆಲ್ಲಗೆ ಕಾಲು ಈಚೆ ತೆಗೆದುಕೊಂಡರು.

ಅದರ ಗುಟ್ಟು ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ರಾಗಿ ಕಾಳಾಗಿದ್ದರೂ ಜೀವ ಇರುವಂಥದ್ದು, ಒಳಗೇ ಉಸಿರಾಡುತ್ತಿರುತ್ತದೆ. ಮುಚ್ಚಿದ ಗುಂಡಿಯಲ್ಲಿ ಇರುವ ಆಮ್ಲಜನಕ ಖಾಲಿಯಾಗಿ ಇಂಗಾಲದ ಡೈ ಆಕ್ಸೈಡು ಉಳಿಯುತ್ತದೆ. ಅದು ಗಾಳಿಗಿಂತ ಭಾರ, ಬಾಯಿ ತೆರೆದರೂ ಬೇಗ ಮೇಲೆ ಬರುವುದಿಲ್ಲ. ಆ ಗಾಳಿಯಲ್ಲಿ ಹುಳ ಬದುಕಲ್ಲ, ಅದಕ್ಕೇ ರಾಗಿ ವರ್ಷಗಟ್ಟಲೆ ಕೆಡಲ್ಲ. ಮನುಷ್ಯನೂ ಬದುಕಲ್ಲ. ರಾಗಿಯನ್ನು ಉಳಿಸಿದ್ದೇ ಚಿಕ್ಕಪ್ಪನನ್ನು ತೆಗೆಯುತ್ತಿತ್ತು.

ಆವತ್ತು ಬಾಯಿ ತೆರೆದೇ ಬಿಟ್ಟರು. ಹೊಂಗೆ ಕೊಂಬೆಗಳನ್ನು ಹಗ್ಗಕ್ಕೆ ಕಟ್ಟಿ ಬಾವಿಯಿಂದ ನೀರು ಸೇದುವ ಹಾಗೆ ಮೇಲೆ ಕೆಳಗೆ ಆಡಿಸಿದರು, ಗಾಳಿ ತಿರುಗಲಿ ಅಂತ. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ದೀಪ ತಳದವರೆಗೆ ಉರಿಯಿತು. ಚಿಕ್ಕಪ್ಪ ಇಳಿದರು. ಮಂಕರಿ ಮಂಕರಿ ರಾಗಿ ಮೇಲೆ ಬಂತು, ಕೆಂಪು ಹಾಗೇ ಇತ್ತು. ತಾತ ಕೊಳಗದಲ್ಲಿ ಅಳೆದರು. ಒಂದು ಇತ್ತ, ಒಂದು ಅತ್ತ. ಅತ್ತಲಿನ ರಾಶಿಯನ್ನು ಗೋಣಿಗೆ ತುಂಬಿ ಆಳುಗಳ ಕೈಲಿ ಆಚೆಮನೆ ಬಾಗಿಲಲ್ಲಿ ಇಳಿಸಿದರು. ಆ ಮನೆಯವರು ಬಾಗಿಲು ತೆಗೆದು ಒಳಗೆ ಎಳೆದುಕೊಂಡರು. ಒಂದು ಮಾತಿಲ್ಲ. ಆಮೇಲೂ ಇಬ್ಬರೂ ಮಾತಾಡಲಿಲ್ಲ, ಸಾಯುವವರೆಗೂ. ಸಿನಿಮಾ ಆಗಿದ್ದರೆ ಅಲ್ಲೇ ತಬ್ಬಿಕೊಳ್ಳುತ್ತಿದ್ದರು.

ದಾಯಾದಿ ಅನ್ನುವ ಪದದಲ್ಲಿ ಇರುವುದು ಬರೀ ಪಾಲು ತಗೊಳ್ಳುವವನು ಅನ್ನುವ ಅರ್ಥ. ದಾಯ ಅಂದರೆ ಪಿತ್ರಾರ್ಜಿತದ ಪಾಲು. ಹಗೆ ಅದರೊಳಗೆ ಇಲ್ಲ, ನಾವು ಹಾಕಿಕೊಂಡದ್ದು. ಎರಡು ವರ್ಷದ ಕೆಳಗೆ ಆಚೆಮನೆ ಅಜ್ಜಿ ತೀರಿಕೊಂಡರು. ಕೇಸು ಆಗಲೇ ಬೇಲೂರಲ್ಲಿ ನಡೆಯುತ್ತಿತ್ತು. ಆದರೂ 11 ದಿನ ನಮ್ಮ ಮನೆಯಲ್ಲಿ ಸೂತಕ. ಒಗ್ಗರಣೆ ಸಿಡಿಯಲಿಲ್ಲ, ದೇವರ ದೀಪ ಹಚ್ಚಲಿಲ್ಲ. ಮಾತು ಬಿಡಬಹುದು, ಸೂತಕ ಬಿಡೋಕಾಗಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ ಏನಂತ ಬರೀತೀರಿ?

ಹಗೆ ಇತ್ತು ಅಂತ ಸಾಬೀತು ಮಾಡಿ

ಈಗ ತಕರಾರಿಗೆ ಬರೋಣ. ರಾಗಿಯನ್ನು ಟಾರು ರಸ್ತೆ ಮೇಲೆ ಹರಡಿ ಬಸ್ಸು ಲಾರಿಗಳ ಚಕ್ರದಲ್ಲಿ ತುಳಿಸುವ ಕಾಲ ಬಂದ ಮೇಲೆ ಕಣಕ್ಕೆ ಕೆಲಸ ಇಲ್ಲದಾಯಿತು. ದೊಡ್ಡ ತಾತನ ಮಗ, ನನಗೆ ಅವರೂ ಚಿಕ್ಕಪ್ಪನೇ, ಆಚೆಮನೆ ಚಿಕ್ಕಪ್ಪ ಅಂತೀವಿ, ಅಲ್ಲಿ ಬೇಲಿ ಹಾಕಿ ಟ್ರ್ಯಾಕ್ಟರ್ ಶೆಡ್ ಕಟ್ಟಿದರು. ಹಗೇವು ಮುಚ್ಚಿ ಮೇಲೆ ಸಿಮೆಂಟು ಹಾಕಿದರು. ನಮ್ಮವರು ಸುಮ್ನೆ ಇದ್ದರು. ಈಗ ರಸ್ತೆ ಅಗಲವಾಗಿ ಜಾಗಕ್ಕೆ ಬೆಲೆ ಬಂದಿದೆ. ಅರ್ಧ ನಮ್ಮದು ಅಂತ ಚಿಕ್ಕಪ್ಪ ದಾವೆ ಹಾಕಿದರು. ಇಲ್ಲ, ಇಷ್ಟು ವರ್ಷದ ಅನುಭವದಿಂದ ಅದು ಪೂರ್ತಿ ನಮ್ಮದಾಗಿದೆ ಅಂತ ಅವರ ತಕರಾರು.

ವಕೀಲರ ಭಾಷೆಯಲ್ಲಿ ಇದು ಪ್ರತಿಕೂಲ ಸ್ವಾಧೀನ. 1963ರ ಲಿಮಿಟೇಷನ್ ಆಕ್ಟ್ ಪ್ರಕಾರ ಇದಕ್ಕೆ 12 ವರ್ಷ. ಹಾವಿನ ಸೇಡೂ 12 ವರ್ಷ ಅಂತಾರಲ್ಲ, ಅಷ್ಟೇ. ಅನುಭವದಲ್ಲಿ ಇರುವವನು ಎಲ್ಲರಿಗೂ ಕಾಣುವ ಹಾಗೆ ಇರಬೇಕು, ಒಡೆಯನ ಅನುಮತಿಯಿಂದ ಇರಬಾರದು, ಇದು ನನ್ನದೇ ಅನ್ನುವ ಮನಸ್ಸು ಇರಬೇಕು. ಆ ಮನಸ್ಸಿಗೆ ಕೋರ್ಟಿನಲ್ಲಿ ಇಂದಿಗೂ ಲ್ಯಾಟಿನ್ ಹೆಸರೇ, ಅನಿಮಸ್ ಪೊಸಿಡೆಂಡಿ. ತಕರಾರಿನ ಆರನೇ ಪುಟದಲ್ಲಿ ಅನಿಮಾಸಿಟಿ, ಒಂಬತ್ತನೇ ಪುಟದಲ್ಲಿ ಅನಿಮಸ್. ಬರೆದ ವಕೀಲರಿಗೆ ಇವೆರಡೂ ಅಣ್ಣತಮ್ಮ ಅಂತ ಹೊಳೆದಿತ್ತೋ ಇಲ್ಲವೋ.

ಗಮ್ಮತ್ತು ಇರುವುದು ಇಲ್ಲಿ. ಜಂಟಿ ಆಸ್ತಿಯಲ್ಲಿ ಒಬ್ಬ ಪಾಲುದಾರ ಕೂತಿದ್ದರೆ, ಅವನು ಎಲ್ಲರ ಪರವಾಗಿ ಕೂತಿದ್ದಾನೆ ಅಂತಲೇ ಕಾನೂನು ಮೊದಲು ನಂಬುತ್ತದೆ. ಬರೀ ಎಷ್ಟು ವರ್ಷ ಕೂತರೂ ಆಗಲ್ಲ. ನಿನಗೆ ಇದರಲ್ಲಿ ಹಕ್ಕಿಲ್ಲ ಹೋಗು ಅಂತ ಇನ್ನೊಬ್ಬನನ್ನು ಬಹಿರಂಗವಾಗಿ ಹೊರಗಿಟ್ಟದ್ದು ಸಾಬೀತಾಗಬೇಕು. ಅಂದರೆ ಅಣ್ಣತಮ್ಮಂದಿರ ನಡುವೆ ಹಗೆ ಇರಲ್ಲ ಅಂತ ಕೋರ್ಟು ಅಂದುಕೊಂಡಿದೆ. ಇದೆ ಅನ್ನುವವನು ತೋರಿಸಬೇಕು. ಅದಕ್ಕೇ ಆಚೆಮನೆಯವರ ತಕರಾರಿನ ತುಂಬ ಎರಡು ತಲೆಮಾರಿನ ಅನಿಮಾಸಿಟಿಯ ವರ್ಣನೆ. ಅವರು ಗೆಲ್ಲಬೇಕಾದರೆ ನಾವು ಶತ್ರುಗಳಾಗಿರಬೇಕು. ನಾವು ಗೆಲ್ಲಬೇಕಾದರೆ ಅವರು ನಮ್ಮವರೇ ಆಗಿರಬೇಕು!

ಇದು ಗೊತ್ತಾದ ಮೇಲೆ ಜಗುಲಿ ಮೇಲಿನ ಮಾತು ಬೇರೆ ಥರ ಕೇಳಿಸತೊಡಗಿತು. 'ನಂಗೂ ಅವನಿಗೂ ದ್ವೇಷ ಎಲ್ಲೈತೆ?' ಅಂದದ್ದು ದೊಡ್ಡ ಮನಸ್ಸಿನಿಂದಲಾ, ಅಥವಾ ವಕೀಲರು ಹೇಳಿಕೊಟ್ಟಿದ್ದರಾ? ಫೋನ್ ಮಾಡಿ ಕೇಳಿದೆ. ಚಿಕ್ಕಪ್ಪ ಜೋರಾಗಿ ನಕ್ಕರು. 'ವಕೀಲ್ರು ಹೇಳಿದ್ದೂ ಅದೇ, ನಿಜಾನೂ ಅದೇ. ಏನಿವಾಗ?' ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆವತ್ತು ಅವರಪ್ಪ ಎತ್ತಿಗೆ ಬೈದಿದ್ದು ಕೋರ್ಟಲ್ಲಿ ಹೇಳಬೌದಾ? ಸಾಕ್ಷಿ ನೀನೇ ಅಲ್ವಾ' ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಎರಡು ಕಡೆಯ ವಕೀಲರಿಗೂ ಅದು ಉಪಯೋಗಕ್ಕೆ ಬರುವ ಸಾಕ್ಷಿ. ಒಬ್ಬರು ಜೀವ ಉಳಿಸಿದ್ದನ್ನು ಹಿಡಿಯುತ್ತಾರೆ, ಇನ್ನೊಬ್ಬರು ನೇರ ಮಾತಾಡದ್ದನ್ನು.

ಹೋದ ತಿಂಗಳು ಕೇಸು ಇತ್ತು. ನಾನೂ ಬೇಲೂರಿಗೆ ಹೋಗಿದ್ದೆ. ಎಂದಿನಂತೆ ಡೇಟು ಕೊಟ್ಟರು. ಮಧ್ಯಾಹ್ನ ಊರ ಕಡೆಗೆ ಇರುವುದು ಒಂದೇ ಬಸ್ಸು, ವಾದಿ ಪ್ರತಿವಾದಿ ಇಬ್ಬರೂ ಅದರಲ್ಲೇ ಬರಬೇಕು. ಹೆಂಗಸರಿಗೆ ಫ್ರೀ ಆದ ಮೇಲೆ ಬಸ್ಸು ಯಾವಾಗಲೂ ತುಂಬಿರುತ್ತದೆ. ಆಚೆಮನೆ ಚಿಕ್ಕಪ್ಪ ಮುಂದೆ ನಿಂತಿದ್ದರು. ನಾವು ಹಿಂದೆ ಹೇಗೋ ಸೀಟು ಹಿಡಿದಿದ್ದೆವು. ಕಂಡಕ್ಟರ್ ಅವರ ಹತ್ತಿರ ಬಂದಾಗ ಅವರು ಐನೂರರ ನೋಟು ಕೊಟ್ಟರು. ಚಿಲ್ಲರೆ ಇಲ್ಲ ಅಂತ ಕಂಡಕ್ಟರ್ ರೇಗಿದ. ಅವರು ಹಿಂದೆ ತಿರುಗಲಿಲ್ಲ. ಕಿಟಕಿಯ ಕಡೆ ನೋಡುತ್ತಲೇ ಹೇಳಿದರು. 'ಹಿಂದ್ಗಡೆ ಸೀಟಲ್ಲಿ ಬಿಳೇ ಟವೆಲ್ ಯಜಮಾನ್ರು ಅವ್ರೆ, ಪಕ್ಕದಲ್ಲಿ ಮೇಷ್ಟ್ರು. ಅವ್ರಿಬ್ರದ್ದೂ ಸೇರಿಸಿ ಹರೀರಿ.'

ಕಂಡಕ್ಟರ್ ಟಿಕೆಟು ತಂದು ಚಿಕ್ಕಪ್ಪನ ಕೈಗೆ ಕೊಟ್ಟ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ತಾರೀಕು ಇದೆಯಾ ಅಂತ ನನ್ನ ಕೇಳಿದರು. ಇದೆ ಅಂದೆ. ಪ್ಲಾಸ್ಟಿಕ್ ಕವರು ಬಿಚ್ಚಿ, ತಕರಾರಿನ ಆರನೇ ಪುಟ ಹುಡುಕಿ, ಕೆಂಪು ಗೆರೆ ಇದ್ದ ಕಡೆ ಟಿಕೆಟನ್ನು ಇಟ್ಟು ಮಡಿಸಿದರು.